ಐದನೇ ಪೆಟ್ಟಿಗೆಯ ಸೋಮವಾರಗಳು

ಐದನೇ ಪೆಟ್ಟಿಗೆ ಕೆಡುತ್ತಿರುವುದು ನನ್ನ ಕೈಯಿಂದ ಎಂದು ಇಡೀ ವಿಭಾಗ ನಂಬಿತ್ತು. ನಾನೂ ನಾಲ್ಕು ತಿಂಗಳು ನಂಬಿದ್ದೆ. ಬೇರೆಯವರು ನಂಬಿದ್ದಕ್ಕೆ ನನಗೆ ಈಗ ಸಿಟ್ಟಿಲ್ಲ, ಅದು ಅವರ ಹಣೆಬರಹ. ನಾನು ನಂಬಿದೆನಲ್ಲ, ಆ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನನಗೆ ಬಸವನಗುಡಿಯ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಒಂದು ವರ್ಷ ತಾತ್ಕಾಲಿಕ. ವರ್ಷದ ಕೊನೆಗೆ ಪ್ರೊಫೆಸರು ಒಳ್ಳೆಯ ವರದಿ ಕೊಟ್ಟರೆ ಕಾಯಂ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ನಾವಿದ್ದದ್ದು ಕಾಟನ್‌ಪೇಟೆಯ ಒಂದು ವಠಾರದಲ್ಲಿ. ಅಪ್ಪ ಬಟ್ಟೆ ಗಿರಣಿಯಲ್ಲಿ ದುಡಿದು ತೀರಿಕೊಂಡಿದ್ದರು. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಕೆಲಸ ಹೋದರೆ ಸಂಬಳವೊಂದೇ ಹೋಗುತ್ತಿರಲಿಲ್ಲ. ‘ನನ್ ಮಗಳು ಮಿಶಿನ್ನು ರಿಪೇರಿ ಮಾಡ್ತಾಳೆ’ ಎಂದು ಅಮ್ಮ ಕೊಳಾಯಿಯ ಹತ್ತಿರ ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದಳು, ಆ ಮಾತೂ ಹೋಗುತ್ತಿತ್ತು. ನನಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಕೈ ಚೆನ್ನಾಗಿದೆ ಎನ್ನುವುದೊಂದೇ ನನ್ನ ಬಲ.

ಕೆಲಸ ಏನೆಂದರೆ ವಿಶ್ವಕಿರಣಗಳನ್ನು ಹಿಡಿಯುವುದು. ಆಕಾಶದ ಯಾವ ಮೂಲೆಯಿಂದಲೋ ಒಂದೇ ಒಂದು ಕಣ ಬಂದು ಗಾಳಿಯ ನೆತ್ತಿಗೆ ಬಡಿಯುತ್ತದೆ. ಒಡೆದು ಹತ್ತಾಗುತ್ತದೆ, ಹತ್ತು ಸಾವಿರವಾಗುತ್ತದೆ, ಲಕ್ಷವಾಗಿ ಒಂದೇ ಏಟಿಗೆ ನೆಲಕ್ಕೆ ಸುರಿಯುತ್ತದೆ. ಸುರಿಯುವುದು ನಾಲ್ಕಾರು ಬೀದಿಗಳಷ್ಟು ಅಗಲಕ್ಕೆ. ಒಂದು ಪೆಟ್ಟಿಗೆ ಇಟ್ಟುಕೊಂಡರೆ ಏನೂ ತಿಳಿಯುವುದಿಲ್ಲ. ಏಳೆಂಟು ಪೆಟ್ಟಿಗೆಗಳನ್ನು ದೂರದೂರ ಹರಡಿ, ಯಾವುದಕ್ಕೆ ಮೊದಲು ತಗುಲಿತು, ಯಾವುದಕ್ಕೆ ಆಮೇಲೆ ಎಂದು ನೋಡಿದರೆ ಆ ಮೊದಲ ಕಣ ಬಂದ ದಿಕ್ಕು ಗೊತ್ತಾಗುತ್ತದೆ. ನ್ಯೂಟ್ರಿನೊ ಎಂಬ ಇನ್ನೊಂದು ಬಗೆಯ ಕಣ ಹಿಡಿಯಲೆಂದು ಕೋಲಾರದ ಚಿನ್ನದ ಗಣಿಯ ತಳಕ್ಕೆ ಇಳಿದವರಿದ್ದರು. ನಾವು ಮೇಲಕ್ಕೆ ಹತ್ತಿದವರು. ಕಾಲೇಜಿಗೆ ಬಯಲಿರಲಿಲ್ಲ, ಸುತ್ತ ಮನೆಗಳ ತಾರಸಿಗಳಿದ್ದವು.

ಹೀಗೆ ಒಂದು ಪೆಟ್ಟಿಗೆ ಕಾಲೇಜಿನ ಮಾಳಿಗೆಯ ಮೇಲೆ, ಉಳಿದ ಆರು ಸುತ್ತಲಿನ ಆರು ಮನೆಗಳ ತಾರಸಿಯ ಮೇಲೆ. ಪೆಟ್ಟಿಗೆಯೊಳಗೆ ದಪ್ಪ ಪ್ಲಾಸ್ಟಿಕ್ ಹಲಗೆ. ಕಣ ಹಾದುಹೋದರೆ ಆ ಹಲಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಿನುಗುತ್ತದೆ, ಪಕ್ಕದ ಗಾಜಿನ ಟ್ಯೂಬು ಆ ಮಿನುಗನ್ನು ಕರೆಂಟಾಗಿ ಮಾಡಿ ಕೇಬಲಿನಲ್ಲಿ ಕಾಲೇಜಿಗೆ ಕಳಿಸುತ್ತದೆ. ಟ್ಯೂಬಿಗೆ ಸಾವಿರಕ್ಕೂ ಮೇಲೆ ವೋಲ್ಟು ಬೇಕು. ಮಳೆ ಬೀಳದಂತೆ ಪೆಟ್ಟಿಗೆಯ ಮೇಲೆ ತಗಡಿನ ಹೊದಿಕೆ. ಮನೆ ಹತ್ತಿರವಿರಲಿ, ದೂರವಿರಲಿ, ಏಳೂ ಕೇಬಲುಗಳು ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಯಾವ ಸುದ್ದಿ ಮೊದಲು ಬಂತೆಂಬ ಲೆಕ್ಕ ತಪ್ಪುತ್ತದೆ. ಹತ್ತಿರದ ಮನೆಯವರು ತಾರಸಿಯ ಮೇಲೆ ಸುರುಳಿ ಸುತ್ತಿ ಬಿದ್ದಿರುತ್ತಿದ್ದ ಕೇಬಲ್ ನೋಡಿ, ‘ಇಷ್ಟೊಂದು ವೈರು ವೇಸ್ಟ್ ಮಾಡಿದೀರಲ್ರೀ, ಕಟ್ ಮಾಡ್ಬಾರ್ದಾ?’ ಎನ್ನುತ್ತಿದ್ದರು. ಒಬ್ಬರಂತೂ ಅದರ ಮೇಲೆ ಸಂಡಿಗೆಯ ಚಾಪೆ ಹಾಸಿದ್ದರು.

ಪ್ರತಿ ಸೋಮವಾರ ಬೆಳಿಗ್ಗೆ ನಾನು ಮೀಟರು, ಸ್ಕ್ರೂಡ್ರೈವರು, ಒರೆಸುವ ಬಟ್ಟೆ ಚೀಲಕ್ಕೆ ಹಾಕಿಕೊಂಡು ಆರು ಮನೆಯ ತಾರಸಿ ಹತ್ತಿ ಇಳಿಯುತ್ತಿದ್ದೆ. ಕಾಲೇಜಿಗೆ ವಾಪಸು ಬಂದು ಎಲ್ಲವನ್ನೂ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಅವೆನ್ಯೂ ರಸ್ತೆಯಿಂದ ನಾನೇ ತಂದ, ಕೆಂಪು ಬಟ್ಟೆಯ ರಟ್ಟಿನ ದಪ್ಪ ಪುಸ್ತಕ. ಅದಕ್ಕೊಂದು ಕಟ್ಟಳೆ ಇತ್ತು, ಅದನ್ನು ಮಾಡಿದವರು ಪ್ರೊಫೆಸರೇ: ಇಂಕಿನಲ್ಲಿ ಬರೆಯಬೇಕು, ಅಳಿಸಬಾರದು, ಹಾಳೆ ಹರಿಯಬಾರದು, ಏನೇ ಕೆಟ್ಟರೂ ಕಾರಣದ ಕಾಲಂ ಖಾಲಿ ಬಿಡಬಾರದು, ಬರೆದವರು ಸಹಿ ಮಾಡಬೇಕು. ‘ಪೆಟ್ಟಿಗೆ ಸುಳ್ಳು ಹೇಳಿದ್ರೆ ತಿದ್ಬಹುದಮ್ಮಾ, ಪುಸ್ತಕ ಸುಳ್ಳು ಹೇಳಿದ್ರೆ ಎಲ್ಲಾ ಹೋಯ್ತು’ ಎಂದು ಮೊದಲ ದಿನವೇ ಹೇಳಿದ್ದರು. ನನಗೆ ಆ ಮಾತು ತುಂಬ ಹಿಡಿಸಿತ್ತು.

ಐದನೇ ಪೆಟ್ಟಿಗೆ ಇದ್ದದ್ದು ತ್ಯಾಗರಾಜನಗರದ ಕಡೆ ಹೋಗುವ ರಸ್ತೆಯಲ್ಲಿ, ಒಬ್ಬ ನಿವೃತ್ತ ಹೆಡ್‌ಮಾಸ್ಟರ ಮನೆಯ ಮೇಲೆ. ಆರು ಮನೆಗಳಲ್ಲಿ ಮೂರು ಮನೆಯವರು ತಾರಸಿ ಕೊಟ್ಟಿದ್ದು ಅವರ ಮಾತಿನಿಂದ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಗ್ರಹಣದ ಬಗ್ಗೆ ಭಾಷಣ ಮಾಡಿ, ರಾಹು ಕೇತು ಎಲ್ಲ ಕಟ್ಟುಕಥೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ ಮನುಷ್ಯ. ಮೊದಲ ತಿಂಗಳುಗಳಲ್ಲಿ ನಾನು ಮುಂದಿನ ಗೇಟಿನಿಂದಲೇ ಹೋಗುತ್ತಿದ್ದೆ. ‘ಬಾಮ್ಮಾ ವಿಜ್ಞಾನಿ’ ಎಂದು ಕರೆದು ಪಡಸಾಲೆಯಲ್ಲಿ ಕೂರಿಸಿ ಕಾಫಿ ಕೊಡಿಸುತ್ತಿದ್ದರು. ಒಳ್ಳೆ ಕಾಫಿ. ಸುಳ್ಳು ಯಾಕೆ ಹೇಳಲಿ, ಸೋಮವಾರ ಐದನೇ ಮನೆ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ದೀಪಾವಳಿ ಕಳೆದ ಮೇಲಿನ ಒಂದು ಸೋಮವಾರ ಅವರು ಕೇಳಿದರು.

‘ಎಲ್ಲಿಂದಮ್ಮಾ ಬರೋದು ನೀನು?’

‘ಕಾಟನ್‌ಪೇಟೆ ಸಾರ್.’

‘ಕಾಟನ್‌ಪೇಟೇಲಿ ಎಲ್ಲಿ?’

ಹೇಳಿದೆ.

‘ತಂದೆಯವರು?’

‘ಗಿರಣೀಲಿದ್ರು ಸಾರ್. ಈಗಿಲ್ಲ.’

‘ಪಾಪ. ಅಂದ್ರೆ ನೀವು… ಯಾವ ಪೈಕಿ?’

ಈ ಪ್ರಶ್ನೆಗಳ ಮೆಟ್ಟಿಲುಗಳು ನನಗೆ ಚೆನ್ನಾಗಿ ಗೊತ್ತಿದ್ದವು. ಒಂದೊಂದೇ ಹತ್ತಿಸಿ ಕೊನೆಗೆ ಎಲ್ಲಿ ನಿಲ್ಲಿಸುತ್ತಾರೆಂಬುದೂ ಗೊತ್ತಿತ್ತು. ‘ಬೌದ್ಧರು ಸಾರ್’ ಎಂದೆ. ಹಾಗೆ ಹೇಳಬೇಕೆಂದು ಅಪ್ಪ ಕಲಿಸಿದ್ದರು, ತಲೆ ತಗ್ಗಿಸದೆ ಹೇಳಬೇಕೆಂದೂ ಕಲಿಸಿದ್ದರು. ಹೆಡ್‌ಮಾಸ್ಟರು ‘ಓಹೋ, ಹಾಗೋ’ ಎಂದರು. ಮುಖದಲ್ಲಿ ನಗು ಹಾಗೇ ಇತ್ತು. ನಾನು ಕಾಫಿ ಕುಡಿದು ಮುಗಿಸಿದೆ. ಆ ಲೋಟ ಆಮೇಲೆ ಏನಾಯಿತೋ ಕಾಣೆ.

ಮುಂದಿನ ಸೋಮವಾರ ಗೇಟಿನಲ್ಲೇ ಎದುರಾದರು. ‘ನೀನು ಸುಮ್ನೆ ಮನೆಯೆಲ್ಲ ಸುತ್ಕೊಂಡು ಹೋಗೋದ್ಯಾಕಮ್ಮಾ, ಹಿಂದ್ಗಡೆ ಸಂದಿಯಿಂದ ಬಂದ್ಬಿಡು. ಅಲ್ಲಿ ಕಬ್ಬಿಣದ ಮೆಟ್ಲಿದೆ, ಸೀದಾ ತಾರಸಿಗೇ ಹೋಗತ್ತೆ. ನಿಂಗೇ ಅನುಕೂಲ.’ ಆ ಬಡಾವಣೆಯಲ್ಲಿ ಮನೆಗಳ ಬೆನ್ನಿಗೆ ಇಕ್ಕಟ್ಟಿನ ಸಂದಿಗಳಿವೆ. ಹಿಂದೆ ಕಕ್ಕಸು ಬಾಚುವವರು ಬಂದುಹೋಗಲೆಂದು ಬಿಟ್ಟ ದಾರಿ. ನನ್ನ ಅಜ್ಜಿ ಇಂಥದೇ ಸಂದಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವಳು. ನಾನು ಮೀಟರಿನ ಚೀಲ ಹೊತ್ತು ನಡೆದೆ. ಮೈಯೆಲ್ಲ ಉರಿಯಿತು, ಆದರೂ ನಡೆದೆ. ಕಾಯಂ ಆಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ದರಿದ್ರದ ಬುದ್ಧಿ.

ಅದೇ ದಿನ ಮಧ್ಯಾಹ್ನ ಐದನೇ ಪೆಟ್ಟಿಗೆ ಹುಚ್ಚೆದ್ದಿತು. ಸೆಕೆಂಡಿಗೆ ನೂರೈವತ್ತರ ಆಸುಪಾಸು ಇರಬೇಕಾದ ಎಣಿಕೆ ಸಾವಿರ ದಾಟಿತು. ಎರಡು ದಿನ ಹಾಗೇ ಇದ್ದು ತಾನಾಗಿ ಇಳಿಯಿತು. ಮುಂದಿನ ಸೋಮವಾರ ನಾನು ಹೋಗಿ ಬಂದೆ, ಮತ್ತೆ ಏರಿತು. ಅದರ ಮುಂದಿನ ಸೋಮವಾರವೂ ಅದೇ. ಉಳಿದ ಆರು ಪೆಟ್ಟಿಗೆಗಳು ಗಡಿಯಾರದಂತಿದ್ದವು. ಐದನೆಯದು ಮಾತ್ರ ನಾನು ಹೋಗಿ ಬಂದ ದಿನವೇ ಕೆಡುತ್ತಿತ್ತು, ಲಾಗ್ ಬುಕ್ಕಿನಲ್ಲಿ ನನ್ನ ಸಹಿಯ ಪಕ್ಕದಲ್ಲೇ. ಕಟ್ಟಳೆ ಏನೇ ಇರಲಿ, ಕಾರಣ ತಿಳಿಯದೆ ಆ ಕಾಲಂ ಖಾಲಿ ಬಿಟ್ಟಿದ್ದೆ.

ಪ್ರೊಫೆಸರು ಮೊದಲು ತಾಳ್ಮೆಯಿಂದಿದ್ದರು. ಜನವರಿಯಲ್ಲಿ ಕರೆದು ಪುಸ್ತಕ ತೆರೆದಿಟ್ಟರು. ‘ನೋಡಮ್ಮಾ, ನೀನು ಮುಟ್ಟಿದ್ರೆ ಕೆಡತ್ತೆ, ಬಿಟ್ರೆ ಸರಿಹೋಗತ್ತೆ. ಇನ್ನೇನು ಹೇಳ್ಲಿ? ಮಾರ್ಚಿಗೆ ನಿನ್ನ ಕಾಯಂ ವಿಷಯಕ್ಕೆ ಕಮಿಟಿ ಇದೆ. ಹೀಗೇ ಇದ್ರೆ ನಾನು ಏನಂತ ಬರೀಲಿ?’ ಅವರು ಕೆಟ್ಟದ್ದು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಲ್ಲ. ಆದರೆ ಮುಟ್ಟಿದರೆ ಕೆಡುತ್ತದೆ ಎಂಬ ಮಾತನ್ನು ನಮ್ಮವರು ಕೇಳಿಸಿಕೊಳ್ಳುವ ಕಿವಿಯೇ ಬೇರೆ. ನಾನು ಹೊರಗೆ ಬಂದು, ಮಾಳಿಗೆಗೆ ಹೋಗಿ ಅತ್ತೆ.

ಆಮೇಲೆ ನಾನು ಪಟ್ಟ ಪಾಡು ನೆನೆದರೆ ನಾಚಿಕೆಯಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಕದಿಯದ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಟ್ಯೂಬಿನ ಬುಡ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಕನೆಕ್ಟರು ಬದಲಾಯಿಸಿದೆ. ಸಂದುಗಳಿಗೆ ಮೇಣ ತುಂಬಿದೆ. ಕೈ ಬೆವರುತ್ತದೇನೋ ಎಂದು ಬಟ್ಟೆಯ ಗವಸು ಹಾಕಿಕೊಂಡೆ. ಎಷ್ಟು ಚೆನ್ನಾಗಿ ಮಾಡಿದರೂ ಸೋಮವಾರ ಮಧ್ಯಾಹ್ನ ಅದೇ ಸಾವಿರ. ಟ್ಯೂಬಿನ ಸಾಕೆಟ್ಟಿನ ಸುತ್ತ ಬಿಳಿಯ ಹುಡಿ ಕಟ್ಟಿರುತ್ತಿತ್ತು, ತುಕ್ಕಿನ ಜಾತಿಯೇನೋ ಎಂದು ಒರೆಸಿ ಸುಮ್ಮನಾಗುತ್ತಿದ್ದೆ. ಹಿಂದಿನ ಸಂದಿಯ ಅವಮಾನ ಒಂದು ಕಡೆ, ಪೆಟ್ಟಿಗೆಯ ಎಣಿಕೆ ಇನ್ನೊಂದು ಕಡೆ. ಎರಡೂ ಒಂದೇ ವಾರ ಶುರುವಾದದ್ದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕತ್ತೆ ನಾನು.

ಹೊಳೆದದ್ದು ಅಮ್ಮನಿಗೆ. ಒರೆಸುವ ಬಟ್ಟೆಯನ್ನು ಒಗೆಯಲೆಂದು ಚೀಲದಿಂದ ತೆಗೆದವಳು ಮೂಗಿನ ಹತ್ತಿರ ಹಿಡಿದು ನಿಂತಳು. ದಿನವಿಡೀ ಊದುಬತ್ತಿಯ ಮಸಾಲೆ ಕಲಸುವ ಮೂಗು ಅದು, ಯಾವುದನ್ನೂ ಬಿಡುವುದಿಲ್ಲ.

‘ಏನೇ ಇದು, ಗಂಜಳ ವರ್ಸಿದ್ಯಾ?’

‘ಗಂಜಳ ಯಾಕಮ್ಮ ಇರತ್ತೆ ಅಲ್ಲಿ? ತಾರಸಿ ಮೇಲೆ ಹಸು ಹತ್ತತ್ತಾ?’

‘ಹಸು ಹತ್ತಲ್ಲ ಕಣೇ. ಜನ ಹತ್ತಿಸ್ತಾರೆ.’ ಬಟ್ಟೆಯನ್ನು ನನ್ನ ಮುಖಕ್ಕೆ ಹಿಡಿದಳು. ‘ನೀನು ಹೋದ್ಮೇಲೆ ಅಲ್ಲಿ ಏನ್ ನಡೀತದೆ ಅಂತ ನೋಡಿದ್ಯಾ?’

ನೋಡಿರಲಿಲ್ಲ. ಗಂಜಳವೆಂದರೆ ಉಪ್ಪು. ಉಪ್ಪುನೀರು ಸಾವಿರ ವೋಲ್ಟಿನ ಸಾಕೆಟ್ಟಿನ ಮೇಲೆ ಬಿದ್ದರೆ ಕರೆಂಟು ಅಲ್ಲಲ್ಲೇ ಹರಿದಾಡಿ, ಬಾರದ ಕಣಗಳನ್ನೂ ಬಂದವೆಂದು ಎಣಿಸುತ್ತದೆ. ಒಣಗಿದ ಮೇಲೆ ಸುಮ್ಮನಾಗುತ್ತದೆ. ಎರಡು ದಿನ. ಎಲ್ಲ ಕೂಡಿಬಂತು. ಆದರೂ ಹೆಡ್‌ಮಾಸ್ಟರು ಎಂದು ನಂಬಲು ಮನಸ್ಸಾಗಲಿಲ್ಲ. ಗ್ರಹಣದ ಭಾಷಣ ಮಾಡಿದವರು! ‘ಹೇಳೋದು ಶಾಸ್ತ್ರ, ಇಕ್ಕೋದು ಗಾಳ’ ಎಂದಳು ಅಮ್ಮ. ‘ನಾನ್ ಹೊಸೆದಿರೋ ಊದುಬತ್ತೀನೇ ಅವ್ರ ದೇವ್ರ ಮುಂದೆ ಉರೀತಿರತ್ತೆ ಬೇಕಾದ್ರೆ. ಅದ್ಕೆ ಯಾವ ಮೈಲಿಗೇನೂ ಇಲ್ಲ, ನೋಡು.’ ಹೇಳಿ ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ.

ವಾಸನೆ ಸಾಕ್ಷಿಯಾಗುವುದಿಲ್ಲ. ಕಮಿಟಿಯ ಮುಂದೆ ಅಮ್ಮನ ಮೂಗನ್ನು ಇಡಲಾಗುವುದಿಲ್ಲ. ಹಾಗಾಗಿ ಮೂರು ಸೋಮವಾರ ನಾನು ನನ್ನ ಮೇಲೇ ಪ್ರಯೋಗ ಮಾಡಿದೆ.

ಮೊದಲ ಸೋಮವಾರ ಸಂದಿಯಿಂದ ಹೋಗಿ ಮೆಟ್ಟಿಲು ಹತ್ತಿ, ಪೆಟ್ಟಿಗೆಯ ಪಕ್ಕದಲ್ಲಿ ಹತ್ತು ನಿಮಿಷ ಕೈಕಟ್ಟಿ ನಿಂತು, ತಗಡನ್ನೂ ಮುಟ್ಟದೆ ಇಳಿದು ಬಂದೆ. ಮಧ್ಯಾಹ್ನ ಸಾವಿರ ದಾಟಿತು. ಎರಡನೇ ಸೋಮವಾರ ಪ್ರೊಫೆಸರ ಮುಂದೆ ನಿಂತು, ‘ಸಾರ್, ಐದನೇದನ್ನ ಈ ಸಲ ನೀವೇ ನೋಡಿ, ನನ್ನ ತಪ್ಪು ಏನು ಅಂತ ಗೊತ್ತಾಗ್ಲಿ’ ಎಂದೆ. ಹೋದರು. ತಗಡು ತೆಗೆದರು, ಮುಚ್ಚಳ ಬಿಚ್ಚಿದರು, ಎಲ್ಲಾ ಕಡೆ ಕೈಯಾಡಿಸಿದರು, ಪಡಸಾಲೆಯಲ್ಲಿ ಕೂತು ಕೋಡುಬಳೆ ತಿಂದು ಬಂದರು. ಆ ವಾರವೆಲ್ಲ ಐದನೇ ಪೆಟ್ಟಿಗೆ ನೂರೈವತ್ತರಿಂದ ಅಲ್ಲಾಡಲಿಲ್ಲ. ‘ನೋಡಿದ್ಯಾ?’ ಎಂದರು ಪ್ರೊಫೆಸರು. ‘ನೋಡ್ದೆ ಸಾರ್’ ಎಂದೆ. ಅವರಿಗೆ ಕಂಡದ್ದೂ ನನಗೆ ಕಂಡದ್ದೂ ಬೇರೆಬೇರೆ.

ಮೂರನೇ ಸೋಮವಾರ ಎಂದಿನಂತೆ ಹೋಗಿ ಕೆಲಸ ಮುಗಿಸಿ, ಓಡಿಕೊಂಡು ಕಾಲೇಜಿನ ಮಾಳಿಗೆ ಹತ್ತಿದೆ. ಪೆಟ್ಟಿಗೆಗಳ ಜಾಗ ಅಳೆಯಲೆಂದು ತಂದಿದ್ದ ದುರ್ಬೀನು ಅಲ್ಲಿತ್ತು. ಐದನೇ ಮನೆಯ ಕಡೆ ತಿರುಗಿಸಿ ಕಣ್ಣಿಟ್ಟೆ.

ಹೆಡ್‌ಮಾಸ್ಟರೇ ಬಂದರು. ಒದ್ದೆ ಪಂಚೆ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಚೊಂಬು. ಮೊದಲು ಮೆಟ್ಟಿಲಿಗೆ ಸುರಿದರು. ನಾನು ಚೀಲ ಇಟ್ಟಿದ್ದ ಕಟ್ಟೆಗೆ ಸುರಿದರು. ಕೇಬಲಿನ ಸುರುಳಿಗೆ ಚಿಮುಕಿಸಿದರು. ಆಮೇಲೆ ಪೆಟ್ಟಿಗೆಯ ತಗಡನ್ನು ಎರಡೂ ಕೈಯಿಂದ ಜೋಪಾನವಾಗಿ ಎತ್ತಿ ಪಕ್ಕಕ್ಕಿಟ್ಟು, ನಾನು ಮುಟ್ಟಿದ ಮುಚ್ಚಳದ ಮೇಲೆ ಚೊಂಬು ಬಗ್ಗಿಸಿ, ಮೂಲೆಮೂಲೆಯನ್ನೂ ಬಟ್ಟೆಯಿಂದ ಉಜ್ಜಿದರು. ಎಷ್ಟು ಮಳೆ ಬಂದರೂ ಒಳಗೆ ಇಳಿಯದ ಪೆಟ್ಟಿಗೆ, ಹೊದಿಕೆಯನ್ನೇ ತೆಗೆದು ಸುರಿದರೆ ಏನು ಮಾಡೀತು? ಶಿಸ್ತಿನ ಮನುಷ್ಯ, ಅರೆಬರೆ ಕೆಲಸ ಅವರಿಗಾಗದು. ಅವರಿಗೆ ಶಾಕ್ ಹೊಡೆಯದೆ ಇದ್ದದ್ದೇ ದೊಡ್ಡದು. ತಗಡನ್ನು ಮತ್ತೆ ಇದ್ದಂತೆಯೇ ಮುಚ್ಚಿ ಇಳಿದು ಹೋದರು. ಗಡಿಯಾರ ನೋಡಿದೆ, ಹನ್ನೊಂದು ಇಪ್ಪತ್ತು. ಕೆಳಗಿನ ಮಿಶಿನ್ ರೂಮಿಗೆ ಓಡಿದೆ. ಹನ್ನೊಂದೂವರೆಗೆ ಐದನೆಯದರ ಎಣಿಕೆ ಏರತೊಡಗಿತು.

ನಿಜ ಹೇಳಬೇಕೆಂದರೆ ಮೊದಲು ನನಗಾದದ್ದು ಸಂತೋಷ. ನನ್ನ ಕೈ ಸರಿಯಾಗಿದೆ, ನನ್ನ ಬೆಸುಗೆ ಸರಿಯಾಗಿದೆ ಎಂದು ಕುಣಿಯುವಷ್ಟು ಸಂತೋಷ. ಆಮೇಲೆ ಆ ಸಂತೋಷದ ಮೇಲೇ ಸಿಟ್ಟು ಬಂತು. ನನ್ನನ್ನು ತೊಳೆದುಹಾಕುತ್ತಿದ್ದಾರೆಂದು ಗೊತ್ತಾಗಿ ಯಾರಾದರೂ ಖುಷಿಪಡುತ್ತಾರೆಯೇ?

ನಾಲ್ಕು ತಿಂಗಳ ಎಣಿಕೆಯನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ನಾನು ಹೋದ ಗಂಟೆಗಳನ್ನು ಕೆಂಪು ಇಂಕಿನಲ್ಲಿ ಗುರುತಿಸಿ ಪ್ರೊಫೆಸರ ಮೇಜಿನ ಮೇಲಿಟ್ಟೆ. ಕಂಡದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಹಾಳೆ ನೋಡಿದರು. ಬುದ್ಧಿವಂತರು, ಎರಡನೇ ಸಲ ಹೇಳಬೇಕಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

‘ವಯಸ್ಸಾದವ್ರಮ್ಮ. ಮೂರು ತಾರಸಿ ಅವರ ಮಾತಿಂದ ಸಿಕ್ಕಿದ್ದು. ಅವರಿಗೆ ಬೇಜಾರಾದ್ರೆ ನಮ್ಮ ಏಳು ಪೆಟ್ಟಿಗೇಲಿ ನಾಲ್ಕೂ ಉಳಿಯಲ್ಲ.’

‘ನಾನು ಅವರ ಹತ್ರ ಜಗಳಕ್ಕೆ ಹೋಗ್ತೀನಿ ಅಂದ್ನಾ ಸಾರ್? ಕಾರಣದ ಕಾಲಂ ಖಾಲಿ ಇದೆ. ನಾಲ್ಕು ತಿಂಗಳಿಂದ ಖಾಲಿ ಇದೆ. ಬರೀಬೇಕು.’

‘ಮಳೆ ನೀರಿನ ಸೋರಿಕೆ ಅಂತ ಬರಿ. ನಿನ್ನ ತಪ್ಪಲ್ಲ ಅಂತಾನೂ ಆಗತ್ತೆ, ಅವರ ಹೆಸರೂ ಬರಲ್ಲ. ಕಮಿಟೀಲಿ ನಾನು ನಿನಗೆ ಒಳ್ಳೇ ವರದಿ ಕೊಡ್ತೀನಿ. ಮುಗೀತು.’

ಕೇಳಲು ಎಷ್ಟು ಸುಲಭ! ಮೂರು ಪದ ಬರೆದರೆ ಕೆಲಸ ಕಾಯಂ. ಆ ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಬರೆದುಬಿಡು ಎನ್ನುತ್ತಾಳೆಂದೇ ಎಣಿಸಿದ್ದೆ, ಸ್ವಲ್ಪ ಹಾಗೇ ಅನ್ನಲಿ ಎಂದೂ ಇತ್ತು. ಅವಳು ಹೊಸೆಯುವುದನ್ನು ನಿಲ್ಲಿಸಲಿಲ್ಲ. ‘ಮಳೆ ಮೇಲೆ ಯಾಕೆ ಹಾಕ್ತೀಯ? ಪಾಪ, ಅದೇನ್ ಮಾಡ್ತು ನಿಂಗೆ?’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಕೆಲ್ಸ ಹೋದ್ರೆ ಹೋಗ್ಲಿ, ನನ್ ಪಕ್ಕ ಒಂದು ಮಣೆ ಹಾಕ್ತೀನಿ, ಕೂತ್ಕೊಂಡು ಹೊಸಿ. ಸುಳ್ಳು ಮಾತ್ರ ಬರೀಬೇಡ’ ಎಂದಳು.

ಮರುದಿನ ಬೆಳಿಗ್ಗೆ ಲಾಗ್ ಬುಕ್ ತೆಗೆದೆ. ಇಂಗ್ಲಿಷಿನಲ್ಲಿ ಬರೆಯುವುದು ರೂಢಿ. ನಾನು ಕನ್ನಡದಲ್ಲಿ ಬರೆದೆ, ಯಾಕೆಂದರೆ ಗಂಜಳವನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಔಷಧಿಯಂತೆ ಕೇಳಿಸುತ್ತದೆ. ‘ಐದನೇ ಪೆಟ್ಟಿಗೆ. ನಾನು ಬಂದುಹೋದ ಮೇಲೆ ಮನೆಯ ಯಜಮಾನರು ಮೈಲಿಗೆ ಕಳೆಯಲೆಂದು ತಗಡು ಎತ್ತಿ ಗಂಜಳದ ನೀರು ಸುರಿದರು. ಹನ್ನೊಂದು ಇಪ್ಪತ್ತು. ದುರ್ಬೀನಿನಲ್ಲಿ ನೋಡಿದ್ದೇನೆ. ಎಣಿಕೆ ಏರಿದ್ದು ಹನ್ನೊಂದೂವರೆ.’ ಹಿಂದಿನ ಸೋಮವಾರಗಳ ಖಾಲಿ ಕಾಲಮ್ಮಿನಲ್ಲಿ ‘ಇದೇ ಕಾರಣವಿರಬೇಕು, ಅಂದು ನೋಡಿಲ್ಲ’ ಎಂದು ಬರೆದೆ. ನೋಡದ್ದನ್ನು ನೋಡಿದೆ ಎಂದು ಬರೆಯಲಿಲ್ಲ. ಸಹಿ ಮಾಡಿದೆ. ಪ್ರೊಫೆಸರು ನೋಡಿ, ಪುಸ್ತಕ ಮುಚ್ಚಿ, ಒಂದು ವಾರ ನನ್ನೊಂದಿಗೆ ಮಾತು ಬಿಟ್ಟರು.

ಮಾರ್ಚಿನಲ್ಲಿ ಕಮಿಟಿ ಕೂತಿತು. ಪ್ರಿನ್ಸಿಪಾಲರು, ನಮ್ಮ ಪ್ರೊಫೆಸರು, ಮತ್ತೆ ಹೊರಗಿನಿಂದ ಬಂದ ಒಬ್ಬ ಹಿರಿಯ ವಿಜ್ಞಾನಿ. ಮೇಜಿನ ಮೇಲೆ ಕೆಂಪು ರಟ್ಟಿನ ಪುಸ್ತಕ ತೆರೆದಿತ್ತು. ಪ್ರಿನ್ಸಿಪಾಲರು ನನ್ನ ಬರಹದ ಮೇಲೆ ಬೆರಳಿಟ್ಟರು.

‘ಏನಮ್ಮಾ ಇದೆಲ್ಲ? ಮರ್ಯಾದಸ್ಥರ ಮನೆ ವಿಷಯ. ಇದನ್ನ ಹೊಡೆದುಹಾಕಿ ಮಳೆ ನೀರು ಅಂತ ಬರೆದು ಸಹಿ ಮಾಡು. ನಿನ್ನ ಕಾಯಂ ಆರ್ಡರ್ ಇಲ್ಲೇ ಇದೆ, ನಾನೂ ಸಹಿ ಮಾಡ್ತೀನಿ.’

ಆರ್ಡರು ನಿಜವಾಗಿಯೂ ಅಲ್ಲೇ ಇತ್ತು. ಟೈಪ್ ಮಾಡಿದ ನನ್ನ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು.

‘ಆಗ್ಲಿ ಸಾರ್, ಬರೀತೀನಿ. ಆದ್ರೆ ಐದನೇದಕ್ಕೆ ಮಾತ್ರ ಬರೆಯೋಕಾಗಲ್ಲ. ಒಂದೇ ಮನೆ ಮೇಲೆ ಮಳೆ ಹುಯ್ಯಲ್ಲ. ಏಳೂ ಪೆಟ್ಟಿಗೆಗೂ ಮಳೆ ಅಂತ ಬರೀಬೇಕು. ಮಳೇಲಿ ಒದ್ದೆಯಾದ ಪೆಟ್ಟಿಗೆಗಳ ಲೆಕ್ಕ ತಗೋಬಾರ್ದು ಅಂತ ನಮ್ಮ ರೂಲ್ಸ್ ಇದೆ. ನಾಲ್ಕು ತಿಂಗಳ ಸೋಮವಾರ, ಮಂಗಳವಾರ, ಬುಧವಾರ, ಏಳೂ ಪೆಟ್ಟಿಗೇದು ಹೊಡೆದುಹಾಕ್ಬೇಕು. ಈಗ್ಲೇ ಶುರುಮಾಡ್ಲಾ ಸಾರ್?’

ಪೆನ್ನಿನ ಮುಚ್ಚಳ ತೆಗೆದೆ. ಪ್ರೊಫೆಸರ ಮುಖ ಬಿಳಿಚಿಕೊಂಡಿತು. ಐದನೆಯದನ್ನು ಬಿಟ್ಟು ಉಳಿದ ಆರು ಪೆಟ್ಟಿಗೆಗಳ ಲೆಕ್ಕದ ಮೇಲೇ ಅವರ ಪ್ರಬಂಧ ನಿಂತಿತ್ತು, ಆಗಲೇ ಅಚ್ಚಿಗೆ ಕಳಿಸಿಯೂ ಆಗಿತ್ತು. ಅತ್ತ ದರಿ, ಇತ್ತ ಪುಲಿ.

ಹೊರಗಿನಿಂದ ಬಂದ ವಿಜ್ಞಾನಿ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಹಿಂದಿನ ಹಾಳೆಗಳನ್ನು ಒಂದೊಂದಾಗಿ ನೋಡಿ, ಪ್ರೊಫೆಸರ ಕಡೆ ತಿರುಗಿದರು. ‘ಫೆಬ್ರವರೀಲಿ ಮಳೆ ಬಂದಿತ್ತೇನ್ರೀ?’

ಹೊರಗೆ ಹುಡುಗರ ಗಲಾಟೆ ಕೇಳುತ್ತಿತ್ತು. ಪ್ರೊಫೆಸರು ಯಾರ ಮುಖವನ್ನೂ ನೋಡಲಿಲ್ಲ.

‘ಇಲ್ಲ. ಒಂದು ಹನೀನೂ ಬಂದಿಲ್ಲ.’

‘ಹಾಗಾದ್ರೆ ಈ ಹುಡುಗಿ ಕೆಲಸದಲ್ಲಿ ತಪ್ಪಿದೆಯಾ?’

‘ಇಲ್ಲ.’

ನನಗೋಸ್ಕರ ಅವರು ನಿಜ ಹೇಳಲಿಲ್ಲ, ಆ ಆರು ಪೆಟ್ಟಿಗೆಗಳಿಗೋಸ್ಕರ ಹೇಳಿದರು. ಅದು ನನಗೆ ಆಗಲೂ ಗೊತ್ತಿತ್ತು. ಇರಲಿ, ಹೇಳಿದರಲ್ಲ. ನನ್ನ ವರದಿಯಲ್ಲಿ ‘ಕೆಲಸ ಅಚ್ಚುಕಟ್ಟು, ಮಾತು ಒರಟು’ ಎಂದು ಸೇರಿಸಿದರು. ಅದಕ್ಕೆ ನನ್ನ ತಕರಾರಿಲ್ಲ, ಅಳತೆ ಸರಿಯಾಗಿಯೇ ಇದೆ. ಆರ್ಡರಿಗೆ ಮೂವರೂ ಸಹಿ ಮಾಡಿದರು.

ಹೊರಗೆ ಬಂದಮೇಲೆ ಪ್ರೊಫೆಸರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು. ‘ಇನ್ನು ಐದನೇದಕ್ಕೆ ಬೇರೆ ಯಾರನ್ನಾದ್ರೂ ಕಳಿಸ್ತೀನಮ್ಮಾ. ನಿನಗೂ ಹಿಂಸೆ ಬೇಡ’ ಎಂದರು. ಆ ದನಿಯಲ್ಲಿ ನಿಜವಾದ ಕನಿಕರವಿತ್ತು. ನನಗೆ ಕನಿಕರ ಬೇಕಿರಲಿಲ್ಲ. ‘ಏಳೂ ಪೆಟ್ಟಿಗೆ ನನ್ನ ಡ್ಯೂಟಿ ಅಂತ ಆರ್ಡರಲ್ಲಿದೆ ಸಾರ್, ನಾನೇ ಹೋಗ್ತೀನಿ’ ಎಂದೆ.

ಸೋಮವಾರ ಹೋದೆ. ತಗಡು ತೆಗೆದು, ಮುಚ್ಚಳ ಬಿಚ್ಚಿ, ಸಾಕೆಟ್ಟು ಒರೆಸಿ, ವೋಲ್ಟೇಜು ನೋಡಿ ಎಲ್ಲ ಮುಚ್ಚಿದೆ. ಆದರೆ ಇಳಿಯಲಿಲ್ಲ. ಪೆಟ್ಟಿಗೆಗೆ ಒರಗಿ ಬಿಸಿಲಿನಲ್ಲಿ ಕೂತೆ. ತೊಡೆಯ ಮೇಲೆ ಅಂದು ಜೊತೆಗೇ ತಂದಿದ್ದ ಲಾಗ್ ಬುಕ್ಕು, ಕೈಯಲ್ಲಿ ಪೆನ್ನು. ಹೆಡ್‌ಮಾಸ್ಟರು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದವರು ನನ್ನನ್ನು ನೋಡಿ ಅಲ್ಲೇ ನಿಂತರು.

‘ಇನ್ನೂ ಇದೀಯೇನಮ್ಮಾ? ಕೆಲಸ ಆಗ್ಲಿಲ್ವೆ?’

‘ಆಯ್ತು ಸಾರ್. ನಿಮಗೇ ಕಾಯ್ತಿದ್ದೆ. ನೀವು ನೀರು ಸುರಿಯೋ ಹೊತ್ತು ಬರ್ಕೋಬೇಕು.’

ಬಕೆಟ್ಟನ್ನು ಬಚ್ಚಿಡುವ ಹಾಗಿರಲಿಲ್ಲ, ತುಂಬಿತ್ತು. ಮುಖ ಕೆಂಪಾಯಿತು. ‘ನಾನು ವಿಜ್ಞಾನ ಓದಿದವನಮ್ಮಾ’ ಎಂದರು. ‘ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಏನೋ, ಹಿರಿಯರು ನಡೆಸ್ಕೊಂಡು ಬಂದಿದ್ದು…’

‘ನಂಬಿಕೆ ಇಲ್ದೇನೇ ಅಷ್ಟು ಚೆನ್ನಾಗಿ ಉಜ್ತೀರಾ ಸಾರ್?’

ಅವರು ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿದರು.

‘ಸುರೀರಿ ಸಾರ್, ನಾನು ತಡೆಯಲ್ಲ. ತಾರಸಿ ನಿಮ್ಮದು. ಆದ್ರೆ ನೀವು ಸುರಿದಾಗೆಲ್ಲ ನಾನು ಬರೀತೀನಿ. ಪ್ರತಿ ಸೋಮವಾರ ಬರ್ತೀನಿ, ಪ್ರತಿ ಸೋಮವಾರ ಬರೀತೀನಿ. ನಾನೂ ನೀವೂ ಹೋದ್ಮೇಲೂ ಈ ಪುಸ್ತಕ ಕಾಲೇಜಿನ ಬೀರೂಲಿ ಇರತ್ತೆ.’

ಬಕೆಟ್ಟಿನ ನೀರು ತುಳುಕಿ ಅವರ ಕಾಲಿನ ಮೇಲೇ ಬೀಳುತ್ತಿತ್ತು. ನಾನು ಪೆನ್ನು ಕೆಳಗಿಳಿಸಲಿಲ್ಲ. ಕೊನೆಗೆ ತಿರುಗಿ, ತುಂಬಿದ ಬಕೆಟ್ಟಿನೊಂದಿಗೆ ಹಾಗೇ ಇಳಿದು ಹೋದರು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಇಳಿದೆ. ಸಂದಿಯ ಕೊನೆ ಮುಟ್ಟುವಷ್ಟರಲ್ಲಿ ಹಿಂದೆ ನೀರು ಬಿದ್ದ ಸದ್ದಾಯಿತು. ತಿರುಗಿ ನೋಡಿದೆ. ನಾನು ಇಳಿದು ಬಂದ ಮೆಟ್ಟಿಲುಗಳನ್ನು ಕೆಳಗಿನಿಂದ ಒಂದೊಂದಾಗಿ ತೊಳೆಯುತ್ತಿದ್ದರು. ನನ್ನನ್ನು ನೋಡಿದರು, ಆದರೂ ನಿಲ್ಲಿಸಲಿಲ್ಲ. ಮೇಲಿನವರೆಗೂ ಹೋದರು, ತಾರಸಿಗೆ ಕಾಲಿಡದೆ ಕೊನೆಯ ಮೆಟ್ಟಿಲಿನಿಂದಲೇ ವಾಪಸಾದರು. ಮೆಟ್ಟಿಲು ಅವರದು, ಸಾಯುವವರೆಗೆ ತೊಳೆದುಕೊಳ್ಳಲಿ. ಪೆಟ್ಟಿಗೆ ನನ್ನದು. ಆ ಮಧ್ಯಾಹ್ನ ಅದರ ಎಣಿಕೆ ನೂರೈವತ್ತೆರಡು ಇತ್ತು. ಬರೆದು ಸಹಿ ಮಾಡಿದೆ.